ಒತ್ತಕ್ಷರ ಸವೆಯದಂತೆ ಟೆಕ್ಸ್ಚರ್: ಆಫ್ಟರ್ ಎಫೆಕ್ಟ್ಸ್ ಜೊತೆ ಆರು ವರ್ಷ

ಹುಬ್ಬಳ್ಳಿಯಲ್ಲಿ ಮದುವೆ, ಜಾತ್ರೆ, ಅಂಗಡಿ ಜಾಹೀರಾತಿನ ವಿಡಿಯೊ ಮಾಡುತ್ತೇನೆ. ಆರು ವರ್ಷದಿಂದ ಟೈಟಲ್‌ಗೆಲ್ಲ ಅಡೋಬಿಯ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್. ಅಕ್ಷರಕ್ಕೆ ಕಲ್ಲಿನ, ತುಕ್ಕಿನ ಮೈ (ಟೆಕ್ಸ್ಚರ್) ಕೊಡೋಕೆ ಇದು ಹೇಗಿದೆ ಅನ್ನೋದಷ್ಟೇ ಇಲ್ಲಿ ಹೇಳುತ್ತೇನೆ.

ಇಂಗ್ಲಿಷ್ ಟ್ಯುಟೋರಿಯಲ್‌ನಲ್ಲಿ ತೋರಿಸಿದ ಅಳತೆಯಲ್ಲೇ ರಫನ್ ಎಡ್ಜಸ್ (ಅಕ್ಷರದ ಅಂಚು ಸವೆಸುವ ಎಫೆಕ್ಟ್) ಹಾಕಬೇಡಿ. ದಪ್ಪ ಇಂಗ್ಲಿಷ್ ಅಕ್ಷರದ ಅಂಚು ಸವೆದರೂ ಓದಬಹುದು, ಆದರೆ ನಮ್ಮಲ್ಲಿ ಮೊದಲು ಹೋಗೋದೇ ಒತ್ತು. ಒಮ್ಮೆ 'ಲಕ್ಕುಂಡಿ' ಅಂತ ಹಾಕಿದ್ದೆ. ಒತ್ತು ಪೂರ್ತಿ ಸವೆದು 'ಲಕುಂಡಿ' ಆಗಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ, ಗಿರಾಕಿಯ ತಾಯಿ ಹಿಡಿದು ಹೇಳಿದರು. ಅಂದಿನಿಂದ ಟೆಕ್ಸ್ಚರ್ ಅಳತೆಯನ್ನು ಅಕ್ಷರ ನೋಡಿ ಅಲ್ಲ, ಒತ್ತು ನೋಡಿ ಇಡುತ್ತೇನೆ. ರಫನ್ ಎಡ್ಜಸ್‌ನ ಬಾರ್ಡರ್ 2ರ ಆಸುಪಾಸು, ಫ್ರ್ಯಾಕ್ಟಲ್ ನಾಯ್ಸ್ (ಕಲೆ ಕಲೆಯ ಮಾದರಿ ಹುಟ್ಟಿಸುವ ಎಫೆಕ್ಟ್) ಸ್ಕೇಲ್ 100ರಿಂದ 25ಕ್ಕೆ. ಸವೆದ ಅಕ್ಷರದ ಕೆಳಗೆ ಅದೇ ಅಕ್ಷರದ ಸವೆಯದ ಪ್ರತಿ, ಒಪಾಸಿಟಿ (ಗಾಢತೆ) ಶೇ. 40. ಫಾಂಟ್ 'ಬಲೂ ತಮ್ಮ' ಥರದ ದಪ್ಪದ್ದಾದರೆ ಇನ್ನೂ ಒಳ್ಳೇದು.

ಡೌನ್‌ಲೋಡ್ ಮಾಡಿದ ಟೆಕ್ಸ್ಚರ್‌ಗಳನ್ನು ಬಿಟ್ಟೇಬಿಟ್ಟೆ, ಎಲ್ಲರ ವಿಡಿಯೊದಲ್ಲೂ ಅದೇ ಕಾಂಕ್ರೀಟ್ ಗೋಡೆ. ಗದಗಿನ ಹತ್ತಿರವೇ ಲಕ್ಕುಂಡಿ ಇದೆ ಅಲ್ವಾ, ಸಂಜೆ ಓರೆ ಬಿಸಿಲು ಬಿದ್ದಾಗ ಕಾಶಿವಿಶ್ವೇಶ್ವರ ಗುಡಿಯ ಬಳಪದ ಕಲ್ಲಿನ ಗೋಡೆಯನ್ನು ಮೊಬೈಲ್‌ನಲ್ಲಿ ತೆಗೆದು ತಂದರೆ ಒಂದೊಂದು ಗೀರೂ ಎದ್ದು ಕಾಣುತ್ತೆ. ಆ ಫೋಟೊಗೆ ಟೆಕ್ಸ್ಟನ್ನು ಆಲ್ಫಾ ಮ್ಯಾಟ್ ಮಾಡಿದರೆ ಅಕ್ಷರದ ಒಳಗೆ ಕಲ್ಲು ತುಂಬುತ್ತೆ. (ಮೊದಲು ಮ್ಯಾಟ್ ಲೇಯರ್, ಅಂದರೆ ಟೆಕ್ಸ್ಟ್, ಫೋಟೊದ ಸರಿಯಾಗಿ ಮೇಲೇ ಇರಬೇಕಿತ್ತು, 2022ರ ಅಕ್ಟೋಬರ್ ಆವೃತ್ತಿಯಿಂದ ಎಲ್ಲಿದ್ದರೂ ನಡೆಯುತ್ತೆ. ಭಾಳ ಆರಾಮ.) ಅದೇ ಫೋಟೊವನ್ನು ಕಪ್ಪು ಬಿಳುಪು ಮಾಡಿ, ಅಕ್ಷರವನ್ನು ಅಲ್ಲಲ್ಲಿ ಸರಿಸುವ ಎಫೆಕ್ಟ್ ಆದ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್‌ಗೆ ಕೊಡಿ. ನಡುವಿನ ಬೂದು ಬಣ್ಣ ಇದ್ದಲ್ಲಿ ಅಕ್ಷರ ಅಲ್ಲಾಡಲ್ಲ, ಬಿಳಿ ಒಂದು ಕಡೆ ಎಳೆದರೆ ಕಪ್ಪು ಇನ್ನೊಂದು ಕಡೆ. ಮೂರು ನಾಲ್ಕು ಪಿಕ್ಸೆಲ್ ಸಾಕು, ಅಂಚು ನಿಜವಾಗಿ ಕೆತ್ತಿದ ಹಾಗೆ ಕಾಣುತ್ತೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹೆಸರಿಗೆ ಕಡ್ಡಿ ಮೆಣಸಿನಕಾಯಿಯ ಸುಕ್ಕನ್ನೇ ಹೀಗೆ ಬಳಸಿದೆ. ಈ ಆರು ವರ್ಷದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಅದೇ.

ಹಳೆ ಪ್ರಾಜೆಕ್ಟ್‌ಗಳಲ್ಲಿ ನುಡಿ ತಂತ್ರಾಂಶದ ಆಸ್ಕಿ (ಹಳೆ ಬಗೆಯ, ಯೂನಿಕೋಡ್ ಅಲ್ಲದ) ಫಾಂಟ್ ಇದ್ದವು, ಈಗ ಎಲ್ಲ ಯೂನಿಕೋಡ್. ಆಫ್ಟರ್ ಎಫೆಕ್ಟ್ಸ್‌ನ ಹಳೆ ಆವೃತ್ತಿಯಲ್ಲಿ ಅಕ್ಷರ ಒಡೆದು ಕಂಡರೆ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಟೆಕ್ಸ್ಟ್ ಎಂಜಿನ್ ಆಯ್ಕೆ ಆಗಿದೆಯೇ ನೋಡಿ.

ದುಡ್ಡಿನ ಮಾತು: ಇದು ಚಂದಾ ಕಟ್ಟಿಯೇ ಬಳಸಬೇಕಾದ ಸಾಫ್ಟ್‌ವೇರ್. ಮದುವೆ ಸೀಸನ್‌ನಲ್ಲಿ ಮಾತ್ರ ಕೆಲಸ ಇರೋರಿಗೆ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿರೋ ಫ್ಯೂಷನ್ ಎಂಬ ಎಫೆಕ್ಟ್ಸ್ ಭಾಗ ಸಾಕು. ಆಫ್ಟರ್ ಎಫೆಕ್ಟ್ಸ್‌ಗೆ ರ‍್ಯಾಮ್ ಕೂಡ ಜಾಸ್ತಿ ಬೇಕು. 16 ಜಿಬಿ ಅಷ್ಟೇ ಇದ್ದರೆ ಫ್ರ್ಯಾಕ್ಟಲ್ ನಾಯ್ಸನ್ನು ಸುಮ್ನೆ ಓಡಿಸಬೇಡಿ, ಒಂದು ಫ್ರೇಮ್ ಪಿಎನ್‌ಜಿ ಮಾಡಿಟ್ಟುಕೊಂಡು ಅದನ್ನೇ ಬಳಸಿ.