ಡಾಲಿ ಟ್ರ್ಯಾಕೋ, ವಿಟ್ನಿ ಟ್ರ್ಯಾಕೋ? ಎರಡನ್ನೂ ಹಾಡಿ ನೋಡಿದ ಮೇಲೆ

ಜಯನಗರದಲ್ಲಿ ನಮ್ಮದೊಂದು ಕರೋಕೆ ಗುಂಪಿದೆ. ಭಾವಗೀತೆ, ಹಳೇ ಸಿನಿಮಾ ಹಾಡು ಜಾಸ್ತಿ. ನಡುನಡುವೆ ಇಂಗ್ಲಿಷ್ ಹಾಡುಗಳೂ ಬರುತ್ತವೆ. ‘ಐ ವಿಲ್ ಆಲ್ವೇಸ್ ಲವ್ ಯು’ ಅಂದ ತಕ್ಷಣ ಅಲ್ಲಿ ಎಲ್ಲರಿಗೂ ನೆನಪಾಗುವುದು ಅಮೆರಿಕದ ಗಾಯಕಿ ವಿಟ್ನಿ ಹ್ಯೂಸ್ಟನ್. ಹಾಡು ಬರೆದು ಮೊದಲು ಹಾಡಿದವರು ಅಲ್ಲಿನದೇ ಗಾಯಕಿ ಡಾಲಿ ಪಾರ್ಟನ್ ಅಂದರೆ ‘ಹೌದಾ!’ ಅನ್ನುತ್ತಾರೆ. ನಾನು ಇಬ್ಬರ ಟ್ರ್ಯಾಕ್‌ನಲ್ಲೂ (ಹಾಡಿನ ದನಿ ತೆಗೆದು ವಾದ್ಯ ಮಾತ್ರ ಉಳಿಸಿದ್ದು) ಹಾಡಿದ್ದೇನೆ. ಕೇಳುವಾಗ ವಿಟ್ನಿ ಮುಂದೆ ಯಾರೂ ನಿಲ್ಲುವುದಿಲ್ಲ ಅನಿಸುತ್ತದೆ. ಹಾಡಲು ಹೊರಟರೆ ನನ್ನ ಒಲವು ಡಾಲಿ ಕಡೆಗೆ.

ಮೊದಲು ಡಾಲಿ ವಿಷಯ. 1967ರಲ್ಲಿ ಅವರು ಗಾಯಕ ಪೋರ್ಟರ್ ವ್ಯಾಗನರ್ ಅವರ ಟಿವಿ ಕಾರ್ಯಕ್ರಮ ಸೇರಿದರು. ಹೆಸರು ಬಂದಮೇಲೆ ಸ್ವಂತ ದಾರಿ ಹಿಡಿಯಬೇಕು ಅನಿಸಿತು. ಪೋರ್ಟರ್ ಬಿಡಲು ತಯಾರಿರಲಿಲ್ಲ. ವಾದ ಮಾಡಿ ಪ್ರಯೋಜನವಿಲ್ಲ ಅಂತ ಡಾಲಿ ಈ ಹಾಡು ಬರೆದು ಅವರೆದುರೇ ಹಾಡಿದರು. ಅಂದರೆ ಇದು ಪ್ರೇಮಿಗಳ ಜಗಳದ ಹಾಡೇ ಅಲ್ಲ. ಬೆಳೆಸಿದವರಿಗೆ ‘ನಾನು ಹೊರಟೆ, ನಿಮ್ಮ ಮೇಲೆ ಪ್ರೀತಿ ಹಾಗೇ ಇದೆ’ ಅಂತ ಹೇಳುವ ಹಾಡು. ಇದು ತಿಳಿದ ಮೇಲೆ ನಾನು ಹಾಡುವ ರೀತಿಯೇ ಬದಲಾಯಿತು.

1974ರಲ್ಲಿ ಸಿಂಗಲ್ ಆಗಿ ಬಂದಾಗ ಇದು ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ ಸಂಗೀತ) ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1982ರಲ್ಲಿ ಒಂದು ಸಿನಿಮಾಗೆ ಡಾಲಿ ಮತ್ತೆ ಹಾಡಿದರು. ಅದೇ ಹಾಡು, ಅದೇ ಗಾಯಕಿ, ಮತ್ತೆ ಅದೇ ಪಟ್ಟಿಯಲ್ಲಿ ಮೊದಲ ಸ್ಥಾನ! ಆದರೂ ಕಂಟ್ರಿ ಕೇಳುಗರ ಆಚೆ ಅದು ಮನೆಮಾತಾಗಲಿಲ್ಲ.

ಆ ಕೆಲಸ ಮಾಡಿದ್ದು ವಿಟ್ನಿ ನಟಿಸಿ, ಹಾಡಿದ 1992ರ ಸಿನಿಮಾ ‘ದಿ ಬಾಡಿಗಾರ್ಡ್’. ಆ ಸಿನಿಮಾಗೆ ಬೇರೆ ಹಾಡು ಇಡಬೇಕು ಅಂತಿತ್ತು. ಅದು ಇನ್ನೊಂದು ಸಿನಿಮಾದಲ್ಲಿ ಬಂದುಬಿಟ್ಟಿತು. ಆಗ ನಾಯಕ ಕೆವಿನ್ ಕಾಸ್ಟ್ನರ್ ಈ ಹಾಡು ಸೂಚಿಸಿದರು. ಶುರುವಿನಲ್ಲಿ ವಾದ್ಯ ಬೇಡ, ಬರೀ ದನಿ ಇರಲಿ ಅಂತ ಹಟ ಹಿಡಿದವರೂ ಅವರೇ. ರೇಡಿಯೋದವರು ಇಂಥದ್ದನ್ನು ಹಾಕುವುದಿಲ್ಲ ಅಂತ ಅನುಮಾನ ಪಟ್ಟವರಿದ್ದರು. ಆದದ್ದು ಏನು? ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನ, ಬ್ರಿಟನ್‌ನಲ್ಲಿ 10 ವಾರ, 1994ರಲ್ಲಿ ‘ರೆಕಾರ್ಡ್ ಆಫ್ ದಿ ಇಯರ್’ ಗ್ರ್ಯಾಮಿ. 2012ರಲ್ಲಿ ವಿಟ್ನಿ ತೀರಿಕೊಂಡಾಗ ಜನ ಮತ್ತೆ ಇದನ್ನೇ ಹುಡುಕಿ ಕೇಳಿದರು. ಹಾಡು ಪುನಃ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಬಂತು.

ಈಗ ಹಾಡುವ ಮಾತು. ವಿಟ್ನಿ ಟ್ರ್ಯಾಕ್ ಹಾಕಿದರೆ ಮೊದಲ ಮುಕ್ಕಾಲು ನಿಮಿಷದಷ್ಟು ಏನೂ ಕೇಳಿಸುವುದಿಲ್ಲ. ಮೇಲೆ ಫ್ಯಾನು, ಹೊರಗೆ ಆಟೋ ಹಾರ್ನು, ನಡುವೆ ನಮ್ಮ ದನಿ ಮಾತ್ರ. ಹಿಡಿದುಕೊಳ್ಳಲು ಶ್ರುತಿಯೇ ಇರುವುದಿಲ್ಲ. ನಾಲ್ಕು ಸಾಲು ಹೋಗುವಷ್ಟರಲ್ಲಿ ದನಿ ಅರಿವಿಲ್ಲದೆ ಇಳಿದಿರುತ್ತದೆ. ವಾದ್ಯ ಸೇರುವ ಕ್ಷಣದಲ್ಲಿ ಆ ವ್ಯತ್ಯಾಸ ಇಡೀ ಕೋಣೆಗೆ ಗೊತ್ತಾಗುತ್ತದೆ. ನಮ್ಮಲ್ಲಿ ಪಕ್ಕಾ ಸಂಗೀತ ಕಲಿತವರಿಗೂ ಇದು ಆಗಿದೆ. ತಂಬೂರಿ ಇಟ್ಟುಕೊಂಡು ಕಲಿತ ನಮಗೆ ಇದು ಅಭ್ಯಾಸವಿಲ್ಲ, ಅಲ್ವಾ? ಒಂದು ಕಿವಿಗೆ ಇಯರ್‌ಫೋನ್ ಹಾಕಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಆರು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ ‘ಎ’ ಸ್ವರ) ಇಟ್ಟುಕೊಂಡರೆ ದಡ ಸೇರಬಹುದು.

ಡಾಲಿ ಟ್ರ್ಯಾಕ್‌ನದೂ ಆರು ಮನೆ ಶ್ರುತಿಯೇ. ಆದರೆ ಮೊದಲಿನಿಂದ ಗಿಟಾರ್ ಜೊತೆಗಿರುತ್ತದೆ. ಮೂರು ನಿಮಿಷದೊಳಗೆ ಹಾಡು ಮುಗಿಯುತ್ತದೆ. ಸುಮ್ನೆ ಕೂತು, ಪಕ್ಕದವರಿಗೆ ಹೇಳುವ ಹಾಗೆ ಹಾಡಬಹುದು.

ನಿಜವಾದ ಪರೀಕ್ಷೆ ಮೂರನೇ ಚರಣ. ಬಿಟ್ಟುಹೋಗುವವಳು ಅಲ್ಲಿ ಹರಸುತ್ತಾಳೆ: ನಿನ್ನ ಬಾಳು ಚೆನ್ನಾಗಿರಲಿ, ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿ ಸಿಗಲಿ ಅಂತ. ಡಾಲಿ ಇದನ್ನು ಹಾಡುವುದೇ ಇಲ್ಲ. ಮಾತಿನಲ್ಲಿ ಹೇಳುತ್ತಾರೆ. ವಿಟ್ನಿಯಲ್ಲಿ ಕರ್ಕ್ ವೇಲಮ್ ಅವರ ಸ್ಯಾಕ್ಸೋಫೋನ್ ಮುಗಿದ ಮೇಲೆ ಈ ಚರಣ ಬರುತ್ತದೆ. ಸಾಲು ಮುಗಿದು ಒಂದು ಗಳಿಗೆ ಮೌನ. ಡ್ರಮ್ ಮೇಲೆ ಒಂದೇ ಏಟು. ಶ್ರುತಿ ಆರು ಮನೆಯಿಂದ ಏಳಕ್ಕೆ ಹಾರುತ್ತದೆ. ಕೇಳುಗರಿಗೆ ರೋಮಾಂಚನ, ಅದರಲ್ಲಿ ಎರಡು ಮಾತಿಲ್ಲ. ಹಾಡುವವರಿಗೆ ಮಾತ್ರ ಆ ಹರಕೆಯ ಸಾಲಿನ ಮೇಲೆ ಗಮನ ನಿಲ್ಲುವುದಿಲ್ಲ. ಮುಂದೆ ಬರುವ ಏಟಿಗೆ ಉಸಿರು ಕೂಡಿಟ್ಟುಕೊಳ್ಳುವುದೇ ಕೆಲಸ. ನಮ್ಮ ಗುಂಪಿನಲ್ಲಿ ವಿಟ್ನಿ ಟ್ರ್ಯಾಕ್‌ಗೆ ಶಿಳ್ಳೆ, ಚಪ್ಪಾಳೆ ಬರುತ್ತವೆ. ಡಾಲಿ ಟ್ರ್ಯಾಕ್‌ನಲ್ಲಿ ಆ ಮಾತಿನ ಭಾಗ ಬಂದಾಗ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತುತ್ತಾರೆ. ನನಗೆ ಬೇಕಾದದ್ದು ಅದು.

ಇನ್ನೊಬ್ಬ ಅಮೆರಿಕನ್ ಗಾಯಕಿ ಲಿಂಡಾ ರಾನ್‌ಸ್ಟಾಟ್ ಹಾಡಿದ 1975ರ ಆವೃತ್ತಿಯೂ ಇದೆ. ಹಿತವಾಗಿದೆ, ಆದರೆ ಈ ಮೂರನೇ ಚರಣವೇ ಅದರಲ್ಲಿಲ್ಲ. ವಿಟ್ನಿ ಹಾಡಿನ ನಿರ್ಮಾಪಕ ಡೇವಿಡ್ ಫಾಸ್ಟರ್ ಮೊದಲು ಅದನ್ನೇ ಇಟ್ಟುಕೊಂಡು ಹೊರಟಿದ್ದರಂತೆ. ಬಿಟ್ಟುಹೋದ ಚರಣವನ್ನು ಡಾಲಿಯೇ ಫೋನಿನಲ್ಲಿ ಕೊಟ್ಟರು. ಇಲ್ಲದಿದ್ದರೆ ಆ ಡ್ರಮ್ ಏಟಿಗೆ ಮುಂಚಿನ ಹರಕೆಯೇ ಇರುತ್ತಿರಲಿಲ್ಲ!

ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇದ್ದರೆ ವಿಟ್ನಿಯನ್ನೇ ಹಾಕಿ, ವಾಲ್ಯೂಮ್ ಧಾರಾಳವಾಗಿ ಇರಲಿ. ಮೆಟ್ರೋದಲ್ಲಿ ಇಯರ್‌ಫೋನಿನಲ್ಲಿ ಕೇಳಬೇಡಿ. ಶುರುವಿನ ಆ ತೆಳು ದನಿ ಹಳಿಯ ಸದ್ದಿನಲ್ಲಿ ಮುಳುಗುತ್ತದೆ. ಗುಂಪಿನಲ್ಲಿ ಹಾಡಬೇಕೆಂದಿದ್ದರೆ ಡಾಲಿ ಟ್ರ್ಯಾಕ್ ತೆಗೆದುಕೊಳ್ಳಿ. ಆರು ಮನೆ ಎತ್ತರ ಅನಿಸಿದರೆ ಕರೋಕೆ ಆ್ಯಪ್‌ನಲ್ಲೇ ಒಂದು ಮನೆ ಇಳಿಸಿ. ಮೂರನೇ ಚರಣವನ್ನು ಮಾತ್ರ ರಾಗ ಹಾಕಿ ಹಾಡಬೇಡಿ, ಹೇಳಿ.