ಮಾರ್ಕೋನಹಳ್ಳಿ ಜಲಾಶಯ: ಏರಿಯ ಮೇಲೆ ಸರಿ, ಸೈಫನ್ ಕೆಳಗೆ ಬೇಡ

ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಯಡಿಯೂರು ಸಿದ್ಧಲಿಂಗೇಶ್ವರನ ದರ್ಶನ ಮುಗಿಸಿದ ಮೇಲೆ ಹೊತ್ತು ಉಳಿದಿದ್ದರೆ ಹಲವರು ಹೋಗಿಬರುವ ಜಾಗ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ಶಿಂಷಾ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ನೀರಾವರಿಗೆಂದು ಕಟ್ಟಿಸಿದ ಈ ಅಣೆಕಟ್ಟೆ ತುಂಬಿದಾಗ ಸುಮಾರು 2.4 ಟಿಎಂಸಿ ನೀರು ಹಿಡಿಯುತ್ತದೆ. ಅದು ಕನ್ನಂಬಾಡಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಚಿಕ್ಕದಾದ್ದರಿಂದಲೇ ಜನ ಇದನ್ನು ಹೆದರಿಕೆಯಿಲ್ಲದೆ ನೋಡುತ್ತಾರೆ, ಬುತ್ತಿ ಕಟ್ಟಿಕೊಂಡು ಮಕ್ಕಳು ಮರಿಗಳೊಡನೆ ಬರುತ್ತಾರೆ. ಹಾಗೆ ಹೊರಡುವ ಮೊದಲು ಈ ಕಟ್ಟೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು ಎಂಬುದು ನನ್ನ ಅಭಿಪ್ರಾಯ.

ನೋಟದ ವಿಷಯದಲ್ಲಿ ದೂರು ಹೇಳುವಂಥದ್ದೇನೂ ಇಲ್ಲ. ನದಿಯ ಪಾತ್ರದಲ್ಲಿ ಕಲ್ಲಿನ ಕಟ್ಟಡ, ಅದರ ಎರಡು ಬದಿಗೂ ಉದ್ದಕ್ಕೆ ಚಾಚಿದ ಮಣ್ಣಿನ ಏರಿ; ಏರಿಯ ಮೇಲೆ ನಿಂತರೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಅಚ್ಚುಕಟ್ಟಿನ ಹಸಿರು. ಸಂಜೆಯ ಗಾಳಿಯೊಂದಕ್ಕೇ ಅಷ್ಟು ದೂರ ಬರಬಹುದು.

ಈ ಅಣೆಕಟ್ಟೆಯ ನಿಜವಾದ ವಿಶೇಷವೆಂದರೆ ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸ್ವಯಂಚಾಲಿತ ಸೈಫನ್. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿರುವ, ನೀರು ಇಳಿದ ವರ್ಷಗಳಲ್ಲಿ ಮಾತ್ರ ತಲೆ ತೋರಿಸುವ ಹಿರೇಭಾಸ್ಕರ ಅಣೆಕಟ್ಟೆಯಲ್ಲಿದ್ದದ್ದೂ ಇದೇ ಬಗೆಯದು. ನೆಟ್ಟಗೆ ನಿಂತ ದೊಡ್ಡ ಕೊಳವೆ, ಅದರ ಬಾಯಿಗೆ ಆಲಿಕೆಯಂಥ ಅಗಲ, ಮೇಲೆ ಗುಮ್ಮಟದಂಥ ಮುಚ್ಚಳ. ಜಲಾಶಯದ ನೀರು ತುಂಬುಮಟ್ಟ ಮೀರಿ ಆಲಿಕೆಯ ಅಂಚನ್ನು ದಾಟಿದಾಗ, ಅಲ್ಲಿ ಕಟ್ಟಿರುವ ಸುರುಳಿ ರೆಕ್ಕೆಗಳಿಂದಾಗಿ ಸುಳಿಯಂತೆ ತಿರುಗುತ್ತ ಕೆಳಗಿಳಿಯುತ್ತದೆ. ಇಳಿಯುತ್ತಲೇ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಬರಿದಾಯಿತೆಂದರೆ ಕೊಳವೆ ತುಂಬಿ, ನೀರನ್ನು ಒಂದೇ ಸಮನೆ ಹೀರಿ ಹೊರಗೆ ಚೆಲ್ಲತೊಡಗುತ್ತದೆ. ಸೈಫನ್ ‘ಹಿಡಿಯುವುದು’ ಎಂದರೆ ಇದೇ. ಮಟ್ಟ ಇಳಿದು ಮತ್ತೆ ಗಾಳಿ ಒಳಹೊಕ್ಕಾಗ ತಾನಾಗಿಯೇ ನಿಲ್ಲುತ್ತದೆ. ಬಾಗಿಲಿಲ್ಲ, ಸರಪಳಿಯಿಲ್ಲ, ವಿದ್ಯುತ್ ಬೇಕಿಲ್ಲ, ನಡುರಾತ್ರಿ ಎದ್ದು ತಿರುಗಿಸುವವರೂ ಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ನೆನೆದರೆ, ಚಲಿಸುವ ಭಾಗವೇ ಇಲ್ಲದ ಈ ಏರ್ಪಾಟಿನ ಜಾಣತನಕ್ಕೆ ತಲೆದೂಗಬೇಕು.

ಕಟ್ಟೆಯನ್ನು ಕಾಯುವ ಈ ಗುಣವೇ ಕಟ್ಟೆಯ ಕೆಳಗೆ ನಿಂತವರಿಗೆ ಗಂಡಾಂತರ. ನಮ್ಮ ಹಳ್ಳಿಗಳ ಕೆರೆ ಕೋಡಿ ಬೀಳುವುದನ್ನು ನೋಡಿ ಬೆಳೆದವರಿಗೆ ನೀರಿನ ನಡೆ ಗೊತ್ತಿರುತ್ತದೆ. ಮೊದಲು ಕೋಡಿಗಲ್ಲು ಒದ್ದೆಯಾಗುತ್ತದೆ, ಆಮೇಲೆ ಪಾದ ಮುಳುಗುವಷ್ಟು, ಮರುದಿನ ಮೊಣಕಾಲಿನಷ್ಟು. ಆ ಅನುಭವ ಇಲ್ಲಿ ನೆರವಿಗೆ ಬಾರದು. ಕೆಳಗೆ ಹರಿವು ಕಾಲು ತೋಯಿಸುವಷ್ಟೇ ಇದ್ದಾಗ ಸೈಫನ್ ಹಿಡಿದುಕೊಂಡರೆ ಹರಿವು ಒಮ್ಮೆಗೇ ಏರಿ, ಬಂಡೆಯ ಮೇಲೆ ಕುಳಿತವರು ಎದ್ದು ದಡ ಸೇರುವಷ್ಟು ಸಮಯವೂ ಸಿಗದಿರಬಹುದು. ಜಲಾಶಯ ತುಂಬಿದೆ ಎಂಬ ಸುದ್ದಿ ಕೇಳಿಯೇ ಜನ ಹೊರಡುವುದರಿಂದ, ಹೆಚ್ಚು ಜನ ಸೇರುವ ದಿನವೂ ಸೈಫನ್ ಹಿಡಿಯುವ ಸಂಭವ ಹೆಚ್ಚಿರುವ ದಿನವೂ ಒಂದೇ ಆಗಿರುತ್ತವೆ. 2025ರ ಅಕ್ಟೋಬರ್‌ನಲ್ಲಿ ಪ್ರವಾಸಕ್ಕೆ ಬಂದು ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಇಲ್ಲಿ ಒಮ್ಮೆಗೇ ಏರಿದ ನೀರಿನಲ್ಲಿ ಕೊಚ್ಚಿಹೋದರು. ಅಂದು ಕಟ್ಟೆಗೆ ಏನೂ ಆಗಿರಲಿಲ್ಲ.

ಇನ್ನು ಏರಿಯ ಸ್ಥಿತಿ. ಇದರ ಬಗ್ಗೆ ತೀರ್ಪು ಕೊಡಬೇಕಾದವರು ಇಂಜಿನಿಯರುಗಳೇ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು ನಿಗದಿತ ಎತ್ತರದ ಕಟ್ಟೆಗಳನ್ನು ಮುಂಗಾರಿನ ಮೊದಲು ಮತ್ತು ನಂತರ ಪರಿಶೀಲಿಸಬೇಕೆಂದು ಹೇಳುತ್ತದೆ. ಆದರೂ ಮಣ್ಣಿನ ಏರಿಯ ಮೇಲೆ ನಡೆಯುವ ಯಾರಾದರೂ ಕೆಲವನ್ನು ಗಮನಿಸಬಹುದು. ನೀರಿನ ಬದಿಯ ಕಲ್ಲುಹೊದಿಕೆ ಕುಸಿದಿದೆಯೇ, ಹೊರಮೈಯಲ್ಲಿ ಗಿಡಮರ ಬೇರೂರಿವೆಯೇ, ಇಲಿ ಹೆಗ್ಗಣಗಳ ಬಿಲ ಇವೆಯೇ ಎಂಬುದು ಕಣ್ಣಿಗೆ ಬೀಳುವ ಸಂಗತಿಗಳು. ಏರಿಯ ಬುಡದಲ್ಲಿ ತಿಳಿನೀರು ಜಿನುಗುವುದು ಅಷ್ಟು ಅಪರೂಪವಲ್ಲ. ಆ ನೀರು ಕದಡಿ ಬಂದರೆ ಒಳಗಿನ ಮಣ್ಣು ಕರಗಿ ಹೊರಬರುತ್ತಿದೆ ಎಂದೇ ಅರ್ಥ, ಆಗ ಫೋಟೊ ತೆಗೆದು ಸುಮ್ಮನಾಗದೆ ಹತ್ತಿರದ ಸಿಬ್ಬಂದಿಗೆ ಹೇಳಬೇಕು. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ ಕಟ್ಟೆ 2019ರ ಜುಲೈನಲ್ಲಿ ಒಡೆದು ಊರನ್ನೇ ಕೊಚ್ಚಿದ ಮೇಲೆ, ನೀರು ಸೋರುವುದನ್ನು ಮೊದಲೇ ತಿಳಿಸಿದ್ದೆವು ಎಂದು ಅಲ್ಲಿನ ಜನ ಹೇಳಿದ್ದರು.

ಐದು ಅಂಕಗಳಲ್ಲಿ ನೋಟಕ್ಕೆ ನಾಲ್ಕು, ಕಟ್ಟೆಯ ರಚನೆಗೆ ಐದಕ್ಕೆ ಐದು, ನೀರಾಟಕ್ಕೆ ಸೊನ್ನೆ ಕೊಡುತ್ತೇನೆ. ಸೈಫನ್ ಎಂದರೇನು, ಅದು ಹೇಗೆ ಹಿಡಿಯುತ್ತದೆ ಎಂಬುದನ್ನು ಚಿತ್ರಸಮೇತ ವಿವರಿಸುವ ಫಲಕವೊಂದು ಇಂಥ ಕಡೆ ‘ಅಪಾಯ’ ಎಂಬ ಒಂಟಿ ಪದಕ್ಕಿಂತ ಹೆಚ್ಚು ಕೆಲಸ ಮಾಡೀತು. ಕಾರಣ ತಿಳಿಯದ ಎಚ್ಚರಿಕೆಗೆ ನಮ್ಮ ಜನ ಕಿವಿಗೊಡುವುದು ಕಡಿಮೆ. ಹೋಗುವವರು ಊಟ ತಿಂಡಿಯನ್ನು ಯಡಿಯೂರಿನಲ್ಲೇ ಮುಗಿಸಿಕೊಂಡು, ಬಿಸಿಲು ಇಳಿದ ಮೇಲೆ ಏರಿಯ ಮೇಲೆ ನಡೆದು, ಸೈಫನ್ ನೀರು ಚೆಲ್ಲುವುದನ್ನು ಮೇಲಿನಿಂದಲೇ ನೋಡಿ, ಕತ್ತಲಾಗುವ ಮುನ್ನ ಹಿಂದಿರುಗುವುದು ಒಳ್ಳೆಯದು.