ರೆಡಿಸ್‌ನಿಂದ ವಾಲ್‌ಕೀಗೆ: ಲೈಸೆನ್ಸ್ ಜಗಳ ತಣ್ಣಗಾದ ಮೇಲೆ ಬರೆದ ಬಳಕೆದಾರರ ವಿಮರ್ಶೆ

ಸೆಶನ್, ಕ್ಯಾಶ್, ಕ್ಯೂ ಇಷ್ಟಕ್ಕೇ ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಟ್ಟು ಬೇಗ ಕೊಡುವ ಡೇಟಾಬೇಸ್) ಇಟ್ಟುಕೊಂಡವರಿಗೆ ಅದರಿಂದಲೇ ಕವಲೊಡೆದ ವಾಲ್‌ಕೀ ಧಾರಾಳವಾಗಿ ಸಾಕು. ಬದಲಾವಣೆ ಎಷ್ಟು ಸುಲಭ ಅನ್ನುವುದು ಮಾತ್ರ ನೀವು ಯಾವ ಆವೃತ್ತಿಯಿಂದ ಹೊರಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. 7.2 ಅಥವಾ ಅದಕ್ಕಿಂತ ಹಳೆಯದಾದರೆ ದಾರಿ ನೇರ. 7.4ಕ್ಕೆ ಒಮ್ಮೆ ಹೋಗಿದ್ದೀರೆಂದರೆ ಬೇರೆಯದೇ ಕಥೆ.

ಹಿನ್ನೆಲೆ ಚಿಕ್ಕದು. 2009ರಿಂದ ಬಿಎಸ್‌ಡಿ ಎಂಬ ಮುಕ್ತ ಲೈಸೆನ್ಸ್‌ನಲ್ಲಿದ್ದ ರೆಡಿಸ್ ಅನ್ನು 2024ರ ಮಾರ್ಚ್ 20ರಂದು ರೆಡಿಸ್ ಕಂಪನಿ ಆರ್‌ಎಸ್‌ಎಎಲ್ ಮತ್ತು ಎಸ್‌ಎಸ್‌ಪಿಎಲ್ ಎಂಬ ನಿರ್ಬಂಧವಿರುವ ಲೈಸೆನ್ಸ್‌ಗಳ ಅಡಿಗೆ ತಂದಿತು. ಕ್ಲೌಡ್ ಕಂಪನಿಗಳು ಇದನ್ನು ಸೇವೆಯಾಗಿ ಮಾರಿ ದುಡ್ಡು ಮಾಡುತ್ತಿವೆ ಎಂಬುದು ಅದರ ದೂರು. ಎಂಟೇ ದಿನಕ್ಕೆ ಲಿನಕ್ಸ್ ಫೌಂಡೇಶನ್ ರೆಡಿಸ್ 7.2.4ರ ಕೋಡ್‌ನಿಂದ ಕವಲೊಡೆದ ವಾಲ್‌ಕೀಯನ್ನು ಘೋಷಿಸಿತು. 'ಸಮುದಾಯ ಗೆದ್ದಿತು' ಎಂದು ಬಹಳ ಜನ ಬರೆದರು. ಆದರೆ ಶುರುವಿನಲ್ಲಿ ಅದರ ತಾಂತ್ರಿಕ ಸಮಿತಿಯಲ್ಲಿದ್ದವರು ಅಮೆಜಾನ್, ಗೂಗಲ್, ಎರಿಕ್ಸನ್, ಅಲಿಬಾಬಾ, ಟೆನ್ಸೆಂಟ್, ಹುವಾವೇಗಳ ನೌಕರರು. ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವ ಹವ್ಯಾಸಿಗಳ ಕೂಟ ಇದಲ್ಲ. ಕಂಪನಿಗಳ ನಡುವಿನ ಜಗಳದಲ್ಲಿ ಲಾಭ ನಮಗೂ ಸಿಕ್ಕಿತು, ಅಷ್ಟೇ. ಇನ್ನೊಂದು ಮಾತು: ಸ್ವಂತ ಸರ್ವರ್‌ನಲ್ಲಿ ರೆಡಿಸ್ ಓಡಿಸಿಕೊಳ್ಳುವವರಿಗೆ ಆ ಹೊಸ ಲೈಸೆನ್ಸ್‌ಗಳೂ ಅಡ್ಡಿಯಾಗಿರಲಿಲ್ಲ. ತೊಂದರೆ ಇದ್ದದ್ದು ಅದನ್ನೇ ಸೇವೆಯಾಗಿ ಮಾರುವವರಿಗೆ, ಮತ್ತು ಮುಕ್ತ ಲೈಸೆನ್ಸ್ ಇದ್ದರೆ ಮಾತ್ರ ಪ್ಯಾಕೇಜ್ ಮಾಡುವ ಲಿನಕ್ಸ್ ಡಿಸ್ಟ್ರೊಗಳಿಗೆ.

ಈಗ ಕೆಲಸದ ವಿಷಯ. ಮೊದಲು ಹಳೆಯ ಸರ್ವರ್‌ನಲ್ಲಿ 'ಇನ್ಫೋ' ಕಮಾಂಡ್ ಕೊಟ್ಟು ಆವೃತ್ತಿ ನೋಡಿ. 7.2ರೊಳಗಿದ್ದರೆ ವಾಲ್‌ಕೀಯನ್ನು ಹಳೆಯ ಸರ್ವರ್‌ನ ರೆಪ್ಲಿಕಾ (ಅದರ ಡೇಟಾವನ್ನು ಸತತವಾಗಿ ನಕಲಿಸಿಕೊಳ್ಳುವ ಪ್ರತಿ) ಆಗಿ ಕಟ್ಟಿ. ಲಿಂಕ್ 'ಅಪ್' ಎಂದು ತೋರಿಸಿದ ಮೇಲೆ ಬರಹ (ಹೊಸ ಡೇಟಾ ಬರೆಯುವುದು) ನಿಲ್ಲಿಸಿ, ಎರಡೂ ಕಡೆಯ ಆಫ್‌ಸೆಟ್ (ಎಲ್ಲಿಯವರೆಗೆ ನಕಲಾಗಿದೆ ಎಂಬ ಲೆಕ್ಕ) ಸಮವಾಗಿದೆ ಎಂದು ಖಚಿತಪಡಿಸಿಕೊಂಡು, ವಾಲ್‌ಕೀಯನ್ನು ಪ್ರೈಮರಿ (ಮುಖ್ಯ ಸರ್ವರ್) ಮಾಡಿ, ಕ್ಲೈಂಟ್‌ಗಳ ವಿಳಾಸ ಬದಲಿಸಿ. ಹಳೆಯ ಕ್ಲೈಂಟ್ ಲೈಬ್ರರಿಗಳೇ ಸಾಕು, ಪ್ರೊಟೊಕಾಲ್ ಒಂದೇ.

ಇಲ್ಲಿ ಎಡವುವುದು ಡೇಟಾ ದೊಡ್ಡದಿದ್ದಾಗ. ರೆಪ್ಲಿಕಾಗೆ ಮೀಸಲಿಟ್ಟ ಔಟ್‌ಪುಟ್ ಬಫರ್‌ನ (ಕಳುಹಿಸಬೇಕಾದ ಡೇಟಾ ಕಾಯುವ ಜಾಗದ) ಡಿಫಾಲ್ಟ್ ಮಿತಿ 256 ಎಂಬಿ, ಅಥವಾ 60 ಸೆಕೆಂಡು ಸತತವಾಗಿ 64 ಎಂಬಿ. ಪೂರ್ತಿ ಸಿಂಕ್ ನಡೆಯುವಾಗ ಬರಹ ಜೋರಾಗಿದ್ದರೆ ಈ ಮಿತಿ ದಾಟುತ್ತದೆ, ಸಂಪರ್ಕ ಕಡಿಯುತ್ತದೆ, ಸಿಂಕ್ ಮತ್ತೆ ಮೊದಲಿನಿಂದ. ಲಾಗ್ ನೋಡದವರಿಗೆ ಇದು ಬರೀ 'ನಿಧಾನ' ಅನ್ನಿಸುತ್ತದೆ. ಹಳೆಯ ಸರ್ವರ್‌ನಲ್ಲಿ ಮಿತಿಯನ್ನು 1 ಜಿಬಿಗೆ ಏರಿಸಿ, 1 ಎಂಬಿ ಇರುವ ಬ್ಯಾಕ್‌ಲಾಗ್ (ಇತ್ತೀಚಿನ ಬರಹಗಳನ್ನು ಹಿಡಿದಿಡುವ ಜಾಗ) ಅನ್ನೂ ಹೆಚ್ಚಿಸಿ, ಆಮೇಲೆ ಶುರು ಮಾಡಿ. ಅಷ್ಟು ಮೆಮೊರಿ ಖಾಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

7.4ರ ತೊಡಕು ಫೈಲ್ ಫಾರ್ಮ್ಯಾಟ್‌ನದು. 7.2ರ ಆರ್‌ಡಿಬಿ ಫೈಲ್ (ಆ ಕ್ಷಣದ ಪೂರ್ತಿ ಡೇಟಾದ ನಕಲು) ಆವೃತ್ತಿ 11, 7.4ರದು 12. ಇದನ್ನು ವಾಲ್‌ಕೀ 8.0 ಓದುವುದಿಲ್ಲ, ಹಾಗಾಗಿ ರೆಪ್ಲಿಕೇಶನ್ನೂ ಆಗುವುದಿಲ್ಲ. ಒಂದೊಂದೇ ಕೀಯನ್ನು (ಹೆಸರಿಟ್ಟು ಉಳಿಸಿದ ಡೇಟಾವನ್ನು) ಡಂಪ್ ಮಾಡಿ ರಿಸ್ಟೋರ್ ಮಾಡೋಣವೆಂದರೆ ಅದರೊಳಗೂ ಅದೇ ಆವೃತ್ತಿ ಸಂಖ್ಯೆ ಕೂತಿರುತ್ತದೆ. ನಂತರದ ವಾಲ್‌ಕೀಗಳಲ್ಲಿ ಈ ತಪಾಸಣೆ ಸಡಿಲಿಸುವ ಸೆಟ್ಟಿಂಗ್ ಬಂದಿದೆ; ಆದರೂ ಪರಿಚಯವಿಲ್ಲದ ಬಗೆಯ ಡೇಟಾ ಸಿಕ್ಕರೆ ಲೋಡ್ ಅಲ್ಲೇ ನಿಲ್ಲುತ್ತದೆ.

ಭರವಸೆಯ ದಾರಿ ಎಒಎಫ್, ಅಂದರೆ ಪ್ರತಿ ಬರಹದ ಕಮಾಂಡ್ ಅನ್ನೂ ಸಾಲಾಗಿ ದಾಖಲಿಸುವ ಫೈಲ್. ಹಳೆಯ ಸರ್ವರ್‌ನಲ್ಲಿ ಎಒಎಫ್‌ಗೆ ಆರ್‌ಡಿಬಿ ಮುನ್ನುಡಿ ಹಾಕುವ ಸೆಟ್ಟಿಂಗ್ ಆಫ್ ಮಾಡಿ, ಎಒಎಫ್ ಆನ್ ಮಾಡಿ (ಮೊದಲೇ ಆನ್ ಇದ್ದರೆ ರೀರೈಟ್ ಕೊಡಿ). ಆಗ ಸಿಗುವ ಬೇಸ್ ಫೈಲ್ ಬರೀ ಕಮಾಂಡ್‌ಗಳ ಸಾಲು. ಬರಹ ನಿಲ್ಲಿಸಿ, ಮೊದಲು ಬೇಸ್ ಫೈಲ್, ಆಮೇಲೆ ಇನ್‌ಕ್ರಿಮೆಂಟಲ್ ಫೈಲ್, ಇದೇ ಕ್ರಮದಲ್ಲಿ ಕ್ಲೈಂಟ್‌ನ ಪೈಪ್ ಮೋಡ್ ಮೂಲಕ ವಾಲ್‌ಕೀಗೆ ಸುರಿಯಿರಿ. ಕೀಗಳ ಅವಧಿಯೂ (ಎಷ್ಟು ಹೊತ್ತಿಗೆ ತಾನಾಗಿ ಅಳಿಯಬೇಕು ಎಂಬುದು), ಸ್ಟ್ರೀಮ್‌ನ ಕನ್ಸ್ಯೂಮರ್ ಗ್ರೂಪ್‌ಗಳೂ ಬರುತ್ತವೆ. ಡಿಸ್ಕ್ ಹೆಚ್ಚು ಬೇಕು, ಸಮಯವೂ ಹೆಚ್ಚು. ಹ್ಯಾಶ್‌ನ ಒಂದೊಂದು ಫೀಲ್ಡಿಗೆ ಬೇರೆ ಅವಧಿ ಇಡುವ 7.4ರ ಸೌಲಭ್ಯ ಬಳಸಿದ್ದರೆ ಆ ಕಮಾಂಡ್‌ಗಳು ವಾಲ್‌ಕೀ 8ರಲ್ಲಿ ಎರರ್ ಕೊಡುತ್ತವೆ; 9.0ಕ್ಕೇ ಹೋಗಬೇಕು. 9.0ರ ಆರ್‌ಡಿಬಿ ಆವೃತ್ತಿ 80, ಅಂದರೆ ಅಲ್ಲಿಂದ ರೆಡಿಸ್‌ಗೆ ಫೈಲ್ ಹೊತ್ತು ವಾಪಸು ಬರುವಂತಿಲ್ಲ. ಲೈಸೆನ್ಸ್ ಬಗ್ಗೆ ಎಲ್ಲರೂ ಕೂಗಾಡಿದರು; ನಿಜವಾಗಿ ಬಳಕೆದಾರನ ಕೈ ಕಟ್ಟಿದ್ದು ಈ ಪುಟ್ಟ ಸಂಖ್ಯೆ.

ದಿನನಿತ್ಯದ ಬಳಕೆಯಲ್ಲಿ ದೂರು ಕಡಿಮೆ. 8.1ರ ಹೊಸ ಹ್ಯಾಶ್ ಟೇಬಲ್‌ನಿಂದ ಕೀಯೊಂದಕ್ಕೆ ಸುಮಾರು 20 ಬೈಟ್, ಅವಧಿ ಇಟ್ಟ ಕೀಗಳಲ್ಲಿ 30 ಬೈಟ್‌ವರೆಗೆ ಉಳಿತಾಯ. ಚಿಕ್ಕ ಮೌಲ್ಯಗಳು ಕೋಟಿಗಟ್ಟಲೆ ಇರುವಲ್ಲಿ ಇದು ಎದ್ದು ಕಾಣುತ್ತದೆ, ದೊಡ್ಡ ಜೇಸನ್ ತುಂಬಿಟ್ಟಲ್ಲಿ ಕಾಣುವುದಿಲ್ಲ. ನೆಟ್‌ವರ್ಕ್ ಓದು-ಬರಹವನ್ನು ಹಲವು ಕೋರ್‌ಗಳಿಗೆ ಹಂಚುವ 8.0ರ ಐಒ ಥ್ರೆಡ್‌ಗಳು ಚೆನ್ನಾಗಿವೆ, ಆದರೆ ಡಿಫಾಲ್ಟ್ ಒಂದೇ. ಒಂದು ಕೋರ್ ತುಂಬಿ ತುಳುಕುತ್ತಿಲ್ಲವೆಂದರೆ ಹೆಚ್ಚಿಸಿ ಪ್ರಯೋಜನವಿಲ್ಲ.

ಎರಡು ಕಿರಿಕಿರಿ. ಹೊಂದಾಣಿಕೆಗಾಗಿ 'ಇನ್ಫೋ'ದಲ್ಲಿ ರೆಡಿಸ್ ಆವೃತ್ತಿ 7.2.4 ಎಂದೇ ಬರುತ್ತದೆ, ನಿಜವಾದದ್ದು ಬೇರೆ ಸಾಲಿನಲ್ಲಿ. ಆ ಮೊದಲ ಸಾಲನ್ನಷ್ಟೇ ಓದುವ ಸೆಕ್ಯುರಿಟಿ ಸ್ಕ್ಯಾನರ್ ಹಳೆಯ ರೆಡಿಸ್ ಎಂದು ಬೊಬ್ಬೆ ಹಾಕುತ್ತದೆ. ಇನ್ನೊಂದು, ಹಳೆಯ ಕಾನ್ಫಿಗ್ ಫೈಲ್ ಹಾಗೇ ನಕಲಿಸಿದರೆ ಡೇಟಾ ಫೋಲ್ಡರ್ ರೆಡಿಸ್ ಬಳಕೆದಾರನ ಹೆಸರಿನಲ್ಲೇ ಉಳಿದು, ವಾಲ್‌ಕೀಗೆ ಬರೆಯಲು ಅನುಮತಿ ಇರುವುದಿಲ್ಲ.

ಮಾಡ್ಯೂಲ್ (ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್) ಬಳಸುವವರು ಆತುರಪಡಬೇಡಿ. ಆರ್‌ಡಿಬಿಯಲ್ಲಿ ಮಾಡ್ಯೂಲ್‌ನ ಡೇಟಾ ಇದ್ದು ಅದಕ್ಕೆ ತಕ್ಕ ಮಾಡ್ಯೂಲ್ ಈ ಕಡೆ ಇಲ್ಲದಿದ್ದರೆ ಲೋಡ್ ಆಗುವುದೇ ಇಲ್ಲ. ವಾಲ್‌ಕೀಗೆ ಜೇಸನ್, ಬ್ಲೂಮ್, ಸರ್ಚ್ ಮಾಡ್ಯೂಲ್‌ಗಳು ಬಂದಿವೆ. ಟೈಮ್ ಸೀರೀಸ್ ಅಥವಾ ವೆಕ್ಟರ್ ಸೆಟ್ ನಂಬಿಕೊಂಡವರಿಗೆ ರೆಡಿಸ್ 8 ವಾಸಿ. 2025ರ ಮೇನಲ್ಲಿ ಅದಕ್ಕೆ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನ ಆಯ್ಕೆಯೂ ಸೇರಿತು; ಕೋಡ್ ತಿದ್ದದೆ ಬಳಸುವವರಿಗೆ ಅದರಿಂದ ಹೊರೆಯೇನಿಲ್ಲ, ನಿಮ್ಮ ಸಂಸ್ಥೆಯ ವಕೀಲರು ಒಪ್ಪಿದರೆ.

ಯಾವುದನ್ನು ಆರಿಸಿದರೂ ಎರಡೂ ಕಡೆಯ ಬಿಡುಗಡೆ ಟಿಪ್ಪಣಿ ಓದುತ್ತಿರಿ. 2025ರ ಅಕ್ಟೋಬರ್‌ನಲ್ಲಿ ಲುವಾ ಸ್ಕ್ರಿಪ್ಟಿಂಗ್‌ನಲ್ಲಿ ಬಯಲಾದ, ಗಂಭೀರತೆಯಲ್ಲಿ 10ಕ್ಕೆ 10 ಅಂಕ ಪಡೆದ ದೋಷ ಕವಲೊಡೆಯುವ ಮೊದಲೇ ಕೋಡ್‌ನಲ್ಲಿತ್ತು. ಇಬ್ಬರೂ ತೇಪೆ ಹಾಕಬೇಕಾಯಿತು.